ನಿಮಗಿದು ಗೊತ್ತೆ? ಕತ್ತರಿಸಿ ತಗ್ಗಿಸಿದ ಪುಟ್ಟ ಕಾರುಗಳು

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಿ.ಎಚ್. ರಸ್ತೆಯಲ್ಲಿ ಚಾವಣಿ ಕತ್ತರಿಸಿ ಕುಳ್ಳಗೆ ಮಾಡಿದ ಕಾರು ಓಡಿಸಿದರೆ ದಂಡ ಖಚಿತ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಾರಿನ ಮೂಲರೂಪ ಬದಲಿಸಲು ಬಿಡುವುದಿಲ್ಲ. ಮೇಜಿನ ಮೇಲಿನ ಮಾದರಿ ಕಾರಿಗೆ ಆ ಭಯವಿಲ್ಲ!

ಕಾರನ್ನು ಕುಳ್ಳಗಾಗಿಸುವ ಈ ಹುಚ್ಚು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಒಣಗಿದ ಕೆರೆಯಂಗಳಗಳಲ್ಲಿ ರೇಸ್ ಓಡಿಸುತ್ತಿದ್ದವರು ಗಾಳಿಯ ತಡೆ ಕಡಿಮೆಯಾಗಲೆಂದು ಚಾವಣಿ ತಗ್ಗಿಸಿದರು; ಆಮೇಲೆ ಅದೇ ಶೋಕಿಯಾಯಿತು. ಸ್ಯಾಮ್ ಬ್ಯಾರಿಸ್ ತಗ್ಗಿಸಿದ 1949ರ ಮರ್ಕ್ಯುರಿ ಇಂದಿಗೂ ಹೆಸರುವಾಸಿ. 1966ರ ಟಿವಿ ಬ್ಯಾಟ್‌ಮೊಬೈಲ್ ರೂಪಿಸಿದ ಜಾರ್ಜ್ ಬ್ಯಾರಿಸ್ ಇವರ ತಮ್ಮ.

ನಿಜವಾದ ಕಾರಿನಲ್ಲಿ ನಾಲ್ಕು ಇಂಚು ಕತ್ತರಿಸಿದರೆ, 1:24 ಅಳತೆಯ ಮಾದರಿಯಲ್ಲಿ ಅದು ಬರೀ 4 ಮಿ.ಮೀ. ಅಂಗೈಯಗಲದ 1:64 ಕಾರಿನಲ್ಲಿ ಒಂದೂವರೆ ಮಿ.ಮೀ. ಮಾತ್ರ; ಗರಗಸದ ಅಲಗೇ ಅದರಲ್ಲಿ ಒಂದು ಪಾಲು ನುಂಗಿಬಿಡುತ್ತದೆ. ನಿಜವಾದ ಪೇಚು ಕತ್ತರಿಸಿದ ಮೇಲೆ ಶುರು. ಕಿಟಕಿ ಕಂಬಗಳು ಮೇಲಕ್ಕೆ ಹೋದಂತೆ ಒಳಕ್ಕೆ ವಾಲಿರುತ್ತವೆ. ಹಾಗಾಗಿ ಇಳಿಸಿದ ಚಾವಣಿ ಕೆಳಗಿನ ತುಂಡುಗಳಿಗೆ ಕೂಡುವುದಿಲ್ಲ. ಕಂಬಗಳನ್ನು ವಾಲಿಸಬೇಕು, ಇಲ್ಲವೇ ಚಾವಣಿಯನ್ನೇ ಸೀಳಿ ನಡುವೆ ಪ್ಲಾಸ್ಟಿಕ್ ಪಟ್ಟಿ ಕೂರಿಸಿ ಅಗಲಿಸಬೇಕು. ಗಾಜನ್ನೂ ಹೊಸದಾಗಿ ಕತ್ತರಿಸಿಕೊಳ್ಳಬೇಕು.

ಕತ್ತರಿಸುವ ಕಾರು ಲೋಹದ ಆಟಿಕೆಯಾದರೆ, ಅದು ಕರಗಲು 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯ ಕುಲುಮೆಯ ಬಿಸಿ ಬೇಕಿಲ್ಲ. ಅದು ಸತುವಿನ ಮಿಶ್ರಲೋಹ, 400 ಡಿಗ್ರಿ ಸೆಲ್ಸಿಯಸ್‌ಗೂ ಮುಂಚೆಯೇ ಕರಗುತ್ತದೆ. ಕಬ್ಬಿಣಕ್ಕೆ 1,538 ಬೇಕು.