ಗುತ್ತಿಗೆ ಕೆಲಸದವರ ಬಯೋಡೇಟಾ: ಹಿಂದೆ ಮಾಡಿದ ಕೆಲಸಗಳನ್ನು ಬರೆಯುವುದು ಹೇಗೆ?



ದನದ ಡಾಕ್ಟರಿಗೂ ಬಯೋಡೇಟಾಕ್ಕೂ ಏನು ಸಂಬಂಧ ಎಂದು ತಾವು ಕೇಳಬಹುದು. ಕೆಚ್ಚಲುಬಾವು, ಖನಿಜ ಮಿಶ್ರಣಗಳ ವಿಷಯವನ್ನು ಬದಿಗಿಟ್ಟು ಈ ಸಲ ಇದನ್ನು ಬರೆಯಲು ಕಾರಣವಿದೆ. ನಮ್ಮ ಅನೇಕ ಸದಸ್ಯರ ಮನೆಗಳಲ್ಲಿ ಹಾಲಿನ ಹಣದ ಜೊತೆಗೆ ಗುತ್ತಿಗೆ ಕೆಲಸದ ಸಂಪಾದನೆಯೂ ಸೇರಿದರೆ ಮಾತ್ರ ಸಂಸಾರ ಸಾಗುತ್ತದೆ. ಮಗ ಕೊಟ್ಟಿಗೆ ಕಟ್ಟುವ ಮೇಸ್ತ್ರಿ, ಅಳಿಯ ಗೋಬರ್ ಗ್ಯಾಸ್ ಘಟಕ ಕಟ್ಟುವವ, ತಮ್ಮ ಹಾಲು ಕರೆಯುವ ಯಂತ್ರ ರಿಪೇರಿಯವ. ಅವರಿಗೆ ಕೆಲಸ ಕೊಡುವವರೂ ಹೆಚ್ಚಾಗಿ ನಮ್ಮ ಸದಸ್ಯರೇ. ಆದುದರಿಂದ ಬರೆಯುವವರಿಗೂ ಓದುವವರಿಗೂ ಇದು ಬೇಕಾದ ವಿಷಯ.

ಹಟ್ಟಿಯಂಗಡಿಯ ಸದಸ್ಯರೊಬ್ಬರು 6 ದನಗಳಿಗೆ ಹೊಸ ಕೊಟ್ಟಿಗೆ ಕಟ್ಟಿಸಲು ಹೊರಟರು. (ಊರಿನ ಹೆಸರಿನಲ್ಲೇ ಹಟ್ಟಿ ಇರುವಾಗ ಮನೆಯ ಹಟ್ಟಿ ಹೀಗಿದ್ದರೆ ಹೇಗೆ ಎಂಬುದು ಅವರ ತಮಾಷೆ.) ಸಾಲ ಮಾಡಿ ಕಟ್ಟಿಸುವ ಕೊಟ್ಟಿಗೆ. ಇಬ್ಬರು ಗುತ್ತಿಗೆದಾರರು ಕಾಗದ ಕೊಟ್ಟಿದ್ದರು. ಯಾರಿಗೆ ಕೊಡುವುದೆಂದು ನನ್ನನ್ನೂ ಕೇಳಿದರು.

ಒಬ್ಬರದು ಕಂಪ್ಯೂಟರಿನಲ್ಲಿ ಅಚ್ಚು ಮಾಡಿದ ಹಾಳೆ. ‘ನಮ್ಮ ಗಿರಾಕಿಗಳು’ ಎಂಬ ತಲೆಬರಹದ ಕೆಳಗೆ ಮೂವತ್ತಕ್ಕೂ ಮಿಕ್ಕಿ ಹೆಸರುಗಳು. ಮೊದಲನೆಯದೇ ‘ಕೊಂಕಣ ರೈಲ್ವೆ’. ಇನ್ನೊಬ್ಬರದು ನೋಟುಬುಕ್ಕಿನಿಂದ ಹರಿದ ಹಾಳೆ. ಐದೇ ಮನೆಗಳು, ಆದರೆ ಪ್ರತಿಯೊಂದಕ್ಕೂ ಎಷ್ಟು ದನಗಳ ಕೊಟ್ಟಿಗೆ, ಎಂತಹ ನೆಲ, ಯಾವ ವರ್ಷ ಎಂದು ಬರೆದಿತ್ತು. ಮೊದಲಿನವರ ಪಟ್ಟಿಯಲ್ಲಿದ್ದ ಒಂದು ಮನೆಗೆ ಫೋನ್ ಮಾಡಿದಾಗ, ‘ಆ ಹೆಸರಿನವರು ನಮ್ಮಲ್ಲಿ ಕೆಲಸ ಮಾಡಲೇ ಇಲ್ಲ’ ಎಂಬ ಉತ್ತರ ಬಂತು. ಅಲ್ಲಿಗೆ ಕೆಲಸ ಎರಡನೆಯವರ ಪಾಲಾಯಿತು.

ಕೆಲವು ದಿನಗಳ ಬಳಿಕ ಆ ಮೊದಲಿನವರು ಹಾಲು ಹಾಕಲು ಬಂದಾಗ ಸಂಘದಲ್ಲಿ ಸಿಕ್ಕಿದರು. ಅವರೂ ಸದಸ್ಯರೇ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆ ಮನೆಯ ಗುತ್ತಿಗೆ ಬೇರೆಯವರದು, ಇವರು ಅವರ ಕೈಕೆಳಗೆ ನೆಲ ಮತ್ತು ಚರಂಡಿ ಮಾಡಿದವರು. ಮನೆಯ ಯಜಮಾನರಿಗೆ ಗೊತ್ತಿದ್ದುದು ಮುಖ್ಯ ಗುತ್ತಿಗೆದಾರರ ಹೆಸರು ಮಾತ್ರ. ರೈಲ್ವೆಯ ಕಥೆಯೂ ಹಾಗೆಯೇ. 1998ರಲ್ಲಿ ಇಡೀ ದಾರಿಯಲ್ಲಿ ರೈಲು ಓಡುವುದಕ್ಕೆ ಮೊದಲು, ಹುಡುಗನಾಗಿದ್ದಾಗ, ಸ್ಥಳೀಯ ಉಪಗುತ್ತಿಗೆದಾರರೊಬ್ಬರಲ್ಲಿ ಇವರು ಕಲ್ಲು ಕಟ್ಟುವ ಕೆಲಸ ಮಾಡಿದ್ದರು. ನಾನು ಆ ಮನೆಗೆ ಹೋಗಿ ನೆಲ ನೋಡಿದೆ. 10 ಅಡಿಗೆ 3 ಇಂಚಿನ ಇಳಿಜಾರು, ಗೊರಸು ಜಾರದಂತೆ ಎಳೆದ ಗೀರುಗಳು, ಗಂಜಲ ನಿಲ್ಲುವ ಒಂದು ತಗ್ಗೂ ಇಲ್ಲ. ಇಷ್ಟು ಒಳ್ಳೆಯ ಕೆಲಸಗಾರನಿಗೆ ಕೆಲಸ ತಪ್ಪಿದ್ದು ಬರೆದ ರೀತಿಯಿಂದ.

ಆದ್ದರಿಂದ ಮೊದಲು ಇದನ್ನು ತಿಳಿದುಕೊಳ್ಳಿ. ನಿಮ್ಮೊಡನೆ ಮಾತಾಡಿ, ಕೆಲಸ ಒಪ್ಪಿಸಿ, ಹಣ ಕೊಟ್ಟವರು ಯಾರೋ ಅವರೇ ನಿಮ್ಮ ಗಿರಾಕಿ. ಇನ್ನೊಬ್ಬರ ಕೈಕೆಳಗೆ ಮಾಡಿದ್ದನ್ನು ಬರೆಯಬಾರದೆಂದಲ್ಲ, ಖಂಡಿತ ಬರೆಯಿರಿ. ಆದರೆ ‘ಇಂಥ ಮುಖ್ಯ ಗುತ್ತಿಗೆದಾರರ ಕೆಳಗೆ, ಇಂಥವರ ಮನೆಯ ಕೊಟ್ಟಿಗೆಯ ನೆಲ ಮತ್ತು ಚರಂಡಿ’ ಎಂದು ಪೂರ್ತಿ ಬರೆಯಿರಿ. ಸರ್ಕಾರಿ ಟೆಂಡರು ಹಾಕುವ ಆಸೆಯಿರುವವರಿಗಂತೂ ಇದು ಬಹಳ ಮುಖ್ಯ. ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಅಧಿನಿಯಮ ಬಂದ ಮೇಲೆ ದೊಡ್ಡ ಕಾಮಗಾರಿಗಳ ಟೆಂಡರು ಪತ್ರಗಳಲ್ಲಿ ಅದೇ ಬಗೆಯ ಕೆಲಸವನ್ನು ಮುಖ್ಯ ಗುತ್ತಿಗೆದಾರನಾಗಿ ಮುಗಿಸಿದ ಅನುಭವವನ್ನು ಕೇಳುತ್ತಾರೆ, ಪ್ರಮಾಣಪತ್ರವನ್ನೂ ಲಗತ್ತಿಸಬೇಕಾಗುತ್ತದೆ. ಉಪಗುತ್ತಿಗೆಯನ್ನು ಸ್ವಂತದ್ದೆಂದು ತೋರಿಸಿದರೆ ಅಲ್ಲಿ ಸಿಕ್ಕಿಬೀಳುತ್ತೀರಿ.

ಬರೀ ಹೆಸರಿನಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ: ‘2023 ಫೆಬ್ರವರಿಯಿಂದ ಏಪ್ರಿಲ್. ಹಟ್ಟಿಯಂಗಡಿ, ಹಾಲು ಉತ್ಪಾದಕರ ಮನೆ. 6 ದನಗಳ ಕೊಟ್ಟಿಗೆ. ನೆಲ, ಗೋದಲಿ, ಚರಂಡಿ ನನ್ನ ಕೆಲಸ, ಮಾಡು ಬೇರೆಯವರದು.’ ಇದನ್ನು ಓದಿದರೆ ಮುಂದಿನ ಪ್ರಶ್ನೆ ಕೇಳಲು ದಾರಿಯಾಗುತ್ತದೆ. ಒಂದು ದೊಡ್ಡ ದನಕ್ಕೆ ಮಾಡಿನ ಕೆಳಗೆ ಸುಮಾರು 3.5 ಚದರ ಮೀಟರ್ ಜಾಗ ಬಿಟ್ಟಿದ್ದೀರಾ ಎಂದು ನಾನು ಕೇಳಬಹುದು. ಗೋಬರ್ ಗ್ಯಾಸಿನವರು ‘2 ಘನ ಮೀಟರ್, ದೀನಬಂಧು ಮಾದರಿ’ ಎಂದು ಬರೆದರೆ, ದಿನಕ್ಕೆ 50 ಕಿಲೋ ಸಗಣಿ ಬೇಕು, ಅಂದರೆ ನಾಲ್ಕೈದು ದನಗಳ ಮನೆ ಎಂದು ಅಳತೆ ಸಿಗುತ್ತದೆ. ಕನಿಷ್ಠ ಒಂದು ಮಳೆಗಾಲ ಕಂಡ ಕೆಲಸಗಳನ್ನು ಮೇಲೆ ಬರೆಯಿರಿ. ನಮ್ಮ ಕಡೆಯ ಮಳೆಗಿಂತ ದೊಡ್ಡ ಪರೀಕ್ಷಕರು ಬೇರೆ ಇಲ್ಲ.

ಯಾರದೇ ಹೆಸರು, ಫೋನ್ ನಂಬರು ಹಾಕುವ ಮೊದಲು ಅವರನ್ನು ಒಂದು ಮಾತು ಕೇಳಿ. ಕೇಳಲು ಹೋದಾಗ ಕೊಟ್ಟಿಗೆ ಈಗ ಹೇಗಿದೆ ಎಂದೂ ನೋಡಿದಂತಾಗುತ್ತದೆ. ಅವರು ಕೊಟ್ಟ ಮೊತ್ತವನ್ನು ಬರೆಯಬೇಡಿ, ಅದು ಅವರ ಮನೆಯ ವಿಷಯ. (ಟೆಂಡರಿನವರು ಮೊತ್ತ ಕೇಳಿದರೆ ಆ ಮಾತು ಬೇರೆ.) ಹೆಸರು ಹೇಳಬಾರದೆಂಬ ಕರಾರಿದ್ದರೆ ‘ಕುಂದಾಪುರ ತಾಲೂಕಿನ ಒಂದು ಗೋಡಂಬಿ ಕಾರ್ಖಾನೆ’ ಎಂದರೂ ಸಾಕಾಗುತ್ತದೆ. ಜಗಳವಾಗಿ ಅರ್ಧಕ್ಕೆ ನಿಂತ ಕೆಲಸವನ್ನು ‘ಪೂರ್ಣ’ ಎಂದು ಬರೆಯುವವರಿದ್ದಾರೆ. ಅದರ ಬದಲು ಬಿಟ್ಟುಬಿಡಿ. ಯಾರಾದರೂ ಕೇಳಿದರೆ ಇದ್ದದ್ದನ್ನು ಹೇಳಿ.

ಗುತ್ತಿಗೆ ಬಿಟ್ಟು ಬೆಂಗಳೂರಿಗೋ ಗಲ್ಫಿಗೋ ನೌಕರಿಗೆ ಅರ್ಜಿ ಹಾಕುವ ಹುಡುಗರು ಇನ್ನೊಂದು ತಪ್ಪು ಮಾಡುತ್ತಾರೆ. ಹದಿನಾಲ್ಕು ಗಿರಾಕಿಗಳನ್ನು ಹದಿನಾಲ್ಕು ನೌಕರಿಗಳ ಹಾಗೆ ಬರೆಯುತ್ತಾರೆ. ಓದುವ ಕಂಪೆನಿಯವರಿಗೆ, ಈತ ಎಲ್ಲಿಯೂ ಮೂರು ತಿಂಗಳು ನಿಲ್ಲುವವನಲ್ಲ ಎನಿಸುತ್ತದೆ! ‘2016ರಿಂದ 2024, ಸ್ವಂತ ಗುತ್ತಿಗೆ ಕೆಲಸ’ ಎಂದು ಒಂದೇ ತಲೆಬರಹ ಕೊಟ್ಟು, ಅದರ ಕೆಳಗೆ ಕೇಳಿದ ನೌಕರಿಗೆ ಹೊಂದುವ ನಾಲ್ಕೈದು ಕೆಲಸಗಳನ್ನು ಹೊಸದು ಮೊದಲು ಬರುವಂತೆ ಬರೆಯಬೇಕು. ಉಳಿದ ಸಣ್ಣಪುಟ್ಟ ರಿಪೇರಿಗಳಿಗೆ ಒಂದು ಸಾಲು ಸಾಕು. ಏಜೆನ್ಸಿಯ ಮೂಲಕ ಹೋದವರು ಸಂಬಳ ಕೊಟ್ಟ ಏಜೆನ್ಸಿಯ ಹೆಸರನ್ನು ಮೇಲೆ, ಕೆಲಸ ನಡೆದ ಜಾಗವನ್ನು ಅದರ ಕೆಳಗೆ ಬರೆಯಬೇಕು.

ನಮ್ಮ ಆ ಮೇಸ್ತ್ರಿ ತಮ್ಮ ಪಟ್ಟಿಯನ್ನು ಒಂದು ಪುಟಕ್ಕೆ ಇಳಿಸಿದ್ದಾರೆ. ಮುಖ್ಯ ಗುತ್ತಿಗೆದಾರರನ್ನೂ ಮನೆಯವರನ್ನೂ ಕೇಳಿ, ಆ ಒಳ್ಳೆಯ ನೆಲದ ಕೆಲಸವನ್ನು ಎಲ್ಲಕ್ಕಿಂತ ಮೇಲೆ ಹಾಕಿದ್ದಾರೆ. ರೈಲ್ವೆ ಕೊನೆಯ ಸಾಲಿಗೆ ಹೋಗಿದೆ, ‘ಉಪಗುತ್ತಿಗೆದಾರರಲ್ಲಿ ಕಲ್ಲು ಕಟ್ಟುವ ಕೆಲಸ’ ಎಂದು. ಹಟ್ಟಿಯಂಗಡಿಯ ಅದೇ ಸದಸ್ಯರು ಹಾಳೆ ಓದಿ, ಆ ಮನೆಗೆ ಹೋಗಿ ನೆಲ ನೋಡಿ ಬಂದು, ಗೊಬ್ಬರದ ಗುಂಡಿಯ ಕೆಲಸವನ್ನು ಇವರಿಗೆ ಒಪ್ಪಿಸಿದ್ದಾರೆ. ಮಳೆ ಬಿಟ್ಟ ಮೇಲೆ ಶುರುವಂತೆ.