ಪಾರ್ಸಿಕ್ ಗುಡ್ಡದ ಈಚೆ, ಆಚೆ

ಮುಂಬ್ರಾ ಸ್ಟೇಷನ್ನಿನ ಬೆನ್ನಿಗೇ ಗುಡ್ಡ, ಗುಡ್ಡದ ಮೇಲೆ ಮುಂಬ್ರಾದೇವಿಯ ಗುಡಿ. ಈ ಪಾರ್ಸಿಕ್ ಸಾಲಿನ ಈಚೆಗೆ ಠಾಣೆ ಮಹಾನಗರ ಪಾಲಿಕೆ, ಆಚೆಗೆ ಐರೋಲಿಯ ಕಡೆ ನವಿ ಮುಂಬಯಿ ಪಾಲಿಕೆ. ಕಸ, ನೀರು, ರಸ್ತೆಯ ಮಾತು ಬಂದಾಗ ಈ ಗಡಿ ಎಲ್ಲರಿಗೂ ನೆನಪಾಗುತ್ತದೆ. ಆಟಿಸಂ ಇರುವ ಮಗುವಿನ ತಾಯಿಗೆ ಮಾತ್ರ ಅದು ದಿನವೂ ನೆನಪು.

ಗುಡ್ಡದಾಚೆ, ವಾಶಿಯಲ್ಲಿ, ನವಿ ಮುಂಬಯಿ ಪಾಲಿಕೆ ತಾನೇ ನಡೆಸುವ ದಿವ್ಯಾಂಗರ ಶಿಕ್ಷಣ, ತರಬೇತಿ ಮತ್ತು ಸೇವಾ ಕೇಂದ್ರವಿದೆ. ಜನರ ಬಾಯಲ್ಲಿ ಅದು ‘ಇಟಿಸಿ’. ಮಾತಿನ ಚಿಕಿತ್ಸೆ, ಆಕ್ಯುಪೇಶನಲ್ ಥೆರಪಿ, ವಿಶೇಷ ಶಿಕ್ಷಣ, ಪೋಷಕರಿಗೆ ಸಮಾಲೋಚನೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ. ಗಟಾರ ಕಟ್ಟುವ, ತೆರಿಗೆ ಎತ್ತುವ ಸಂಸ್ಥೆಯೊಂದು ಇಂಥ ಕೆಲಸಕ್ಕೆ ಕೈಹಾಕಿ ಒಂದೂವರೆ ದಶಕಕ್ಕೂ ಮೀರಿ ನಡೆಸಿಕೊಂಡು ಬಂದಿರುವುದು ಸಣ್ಣ ಮಾತಲ್ಲ. ಈ ಕೇಂದ್ರದ ಬಗ್ಗೆ ಬರೆಯಬೇಕೆಂದೇ ಹೊರಟಿದ್ದೆ. ಆದರೆ ಅದರ ಮಾತು ತೆಗೆದ ತಾಯಿಯೊಬ್ಬರು ಮುಂಬ್ರಾದ ಕೌಸಾದಲ್ಲಿದ್ದರು. ಅಲ್ಲೇ ಕೂತುಬಿಟ್ಟೆ.

ಇಂಡಿ ತಾಲ್ಲೂಕಿನಿಂದ ಬಂದ ಮನೆಯದು. ಗಂಡ ಟೈಲ್ಸ್ ಕೂರಿಸುವ ಮೇಸ್ತ್ರಿ. ಒಂಬತ್ತು ವರ್ಷದ ಮಗ ಮಾತಾಡುವುದಿಲ್ಲ. ಮದುವೆಯ ಕರೆಯೋಲೆಗಳನ್ನು ಕತ್ತರಿಸಿ, ಅವುಗಳ ದಪ್ಪ ಕಾಗದಕ್ಕೆ ಹಳೆಯ ಕ್ಯಾಲೆಂಡರ್, ಬಿಸ್ಕತ್ತಿನ ಪೊಟ್ಟಣಗಳ ಚಿತ್ರ ಅಂಟಿಸಿ, ಮೂಲೆಗೆ ತೂತು ಹಾಕಿ, ಬಳೆಯಂಥ ಉಂಗುರಕ್ಕೆ ಪೋಣಿಸಿಟ್ಟಿದ್ದಾರೆ. ನೀರು, ರೊಟ್ಟಿ, ಫ್ಯಾನು, ಸಂಡಾಸು, ಅಪ್ಪ. ಪ್ರತಿ ಚಿತ್ರದ ಕೆಳಗೆ ಡಾಟ್‌ಪೆನ್ನಿನಲ್ಲಿ ಗುಂಡಗೆ ಬರೆದ ಕನ್ನಡ ಅಕ್ಷರ. ಹುಡುಗನಿಗೆ ಏನಾದರೂ ಬೇಕಾದರೆ ಉಂಗುರ ತಂದು, ಎಲೆ ತಿರುವಿದಂತೆ ತಿರುವಿ, ಆ ಚಿತ್ರದ ಮೇಲೆ ತಾಯಿಯ ಬೆರಳನ್ನು ಹಿಡಿದಿಡುತ್ತಾನೆ, ತನ್ನ ಬೆರಳನ್ನಲ್ಲ. ನಾನಿದ್ದಾಗ ‘ಫ್ಯಾನು’ ಎರಡು ಸಲ ಬಂತು, ಕರೆಂಟ್ ಇರಲಿಲ್ಲ. ಆಕೆ ಇನ್ನೊಂದು ಕಾರ್ಡ್ ತೋರಿಸಿದರು: ಗಡಿಯಾರ. ಹುಡುಗ ಕೂತ.

“ಇದನ್ನ ಯಾರು ಕಲಿಸಿದ್ರು?”

“ಠಾಣೇದಾಗ ಮೇಡಮ್ಮಾರು ತೋರಿಸಿದ್ರು ಅಕ್ಕಾರ. ಅವರದು ಪ್ಲಾಸ್ಟಿಕ್‌ದು, ಮರಾಠಿದು. ಮನ್ಯಾಗ ನಾ ಆಡೂದು ಕನ್ನಡ ಅಲ್ರೀ, ಅದಕ್ಕ ನಾನಾ ಮಾಡ್ದೆ.”

ಉಂಗುರದಲ್ಲಿ ರೈಲಿನ ಕಾರ್ಡು ಎರಡಿವೆ. ಒಂದು ಹೋಗುವುದಕ್ಕೆ, ಒಂದು ಮನೆಗೆ ಮರಳುವುದಕ್ಕೆ. ಠಾಣೆಯ ಚಿಕಿತ್ಸೆಗೆ ಸ್ಲೋ ಲೋಕಲ್ಲಿನ ದಿವ್ಯಾಂಗರ ಡಬ್ಬಿ ಹತ್ತಿದರೆ ಹುಡುಗನ ಕೈಕಾಲು ನೆಟ್ಟಗಿರುವುದನ್ನು ಕಂಡವರು ಇಳಿಯಿರಿ ಎನ್ನುತ್ತಾರೆ. ಪ್ರಮಾಣಪತ್ರ ತೋರಿಸುವಷ್ಟರಲ್ಲಿ ಅವನು ಕಿವಿ ಮುಚ್ಚಿಕೊಂಡು ಕಿರುಚತೊಡಗಿರುತ್ತಾನೆ. ಆ ಪ್ರಮಾಣಪತ್ರಕ್ಕೆ 40 ಅಂಶಗಳ ಭಾರತೀಯ ಆಟಿಸಂ ಮಾಪಕದಲ್ಲಿ ಅಂಕ ಹಾಕುತ್ತಾರೆ. 70 ಬಂದರೆ ಆಟಿಸಂ, 153 ದಾಟಿದರೆ ತೀವ್ರ. ಚಿಕಿತ್ಸೆಯ ಒಂದು ಸೆಷನ್ನಿಗೆ ಗಂಡನ ಒಂದು ದಿನದ ಕೂಲಿ ಹೋಗುತ್ತದೆ.

ಠಾಣೆಗೆ ಮನೋರೋಗ ಚಿಕಿತ್ಸೆ ಹೊಸದಲ್ಲ. 1901ರಲ್ಲಿ ಶುರುವಾದ ಅಲ್ಲಿನ ಮನೋರುಗ್ಣಾಲಯ ಮಹಾರಾಷ್ಟ್ರದ ನಾಲ್ಕು ಸರ್ಕಾರಿ ಮನೋರುಗ್ಣಾಲಯಗಳಲ್ಲಿ ಒಂದು. ಆದರೆ ದೊಡ್ಡ ಗೋಡೆಯ ಆಸ್ಪತ್ರೆಗೆ ಜನ ಹೋಗುವುದು ಬೇರೆ, ಸೇವೆ ಜನರ ಓಣಿಗೆ ಬರುವುದು ಬೇರೆ. ಎರಡನೆಯದು ಆಗುತ್ತದೆಂದು ತೋರಿಸಿದ್ದು ನಮ್ಮ ಬಳ್ಳಾರಿ. 1985ರಲ್ಲಿ ನಿಮ್ಹಾನ್ಸ್ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಪತ್ತೆ ಹಚ್ಚುವ ಕೇಂದ್ರ ಯೋಜನೆ 2013ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದದ್ದೂ ಪಾಲ್ಘರ್‌ನಲ್ಲಿ. ಆಗ ಪಾಲ್ಘರ್ ಇದ್ದದ್ದು ಠಾಣೆ ಜಿಲ್ಲೆಯಲ್ಲೇ.

ಕಾನೂನಿಗೂ ಕೊರತೆಯಿಲ್ಲ. 2016ರ ದಿವ್ಯಾಂಗರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿಯ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಯಿದ್ದು, ಹದಿನೆಂಟು ದಾಟಿದ ಇಂಥ ಮಕ್ಕಳಿಗೆ ಪಾಲಕರನ್ನು ನೇಮಿಸುತ್ತದೆ. ಸ್ಥಳೀಯ ಸಂಸ್ಥೆಗಳು ದಿವ್ಯಾಂಗರಿಗಾಗಿ ಶೇ 5ರಷ್ಟು ನಿಧಿ ತೆಗೆದಿಡಬೇಕೆಂಬ ನಿಯಮ ಮಹಾರಾಷ್ಟ್ರದಲ್ಲಿದೆ. ಠಾಣೆ ಪಾಲಿಕೆಯೂ ಸುಮ್ಮನೆ ಕೂತಿಲ್ಲ, ‘ಜಿದ್ದ್’ ಎಂಬ ವಿಶೇಷ ಶಾಲೆ ಅದರದೇ. ಅದು ಠಾಣೆ ಪಟ್ಟಣದಲ್ಲಿದೆ, ಅಷ್ಟೆ.

ತೆಗೆದಿಟ್ಟ ಹಣ ಎಲ್ಲಿ ಹೋಯಿತು, ಮುಂಬ್ರಾಕ್ಕೆ ಎಷ್ಟು ಬಂತು ಎಂದು ಸಭೆಯಲ್ಲಿ ಎದ್ದು ಕೇಳಬೇಕಾದವರು ನಗರಸೇವಕರು. 2022ರ ಮಾರ್ಚಿನಲ್ಲಿ ಠಾಣೆ ಪಾಲಿಕೆಯ ಅವಧಿ ಮುಗಿದ ಮೇಲೆ 2026ರ ಜನವರಿಯ ಚುನಾವಣೆಯವರೆಗೆ ಅಂಥವರೇ ಇರಲಿಲ್ಲ, ಆಡಳಿತಾಧಿಕಾರಿಯದೇ ಆಡಳಿತ. ಐದರಿಂದ ಒಂಬತ್ತಕ್ಕೆ ಬೆಳೆಯುವ ಹುಡುಗನ ಲೆಕ್ಕದಲ್ಲಿ ಈ ಖಾಲಿ ವರ್ಷಗಳು ಬಹಳ ದುಬಾರಿ. ಆಟಿಸಂಗೆ ಚಿಕಿತ್ಸೆ ಬೇಗ ಶುರುವಾದಷ್ಟೂ ಫಲ ಹೆಚ್ಚು ಎಂಬುದು ಈ ಕ್ಷೇತ್ರದಲ್ಲಿ ದುಡಿಯುವವರೆಲ್ಲ ಮೊದಲು ಹೇಳುವ ಮಾತು. ಹೊಸ ಸದಸ್ಯರು ಮುಂಬ್ರಾದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ ಇದೂ ಇರಬೇಕು ಎಂದು ನಾನು ನಂಬುತ್ತೇನೆ. ವಾಶಿಯಂಥ ಕಟ್ಟಡವೇ ಬೇಕೆಂದಿಲ್ಲ. ಪಾಲಿಕೆಯ ಒಂದು ಆರೋಗ್ಯ ಕೇಂದ್ರದಲ್ಲಿ ವಾರಕ್ಕೆರಡು ದಿನ ಥೆರಪಿಸ್ಟ್ ಕೂತರೂ ಎಷ್ಟೋ ಮನೆಗಳ ರೈಲು ಪ್ರಯಾಣ ತಪ್ಪುತ್ತದೆ.

ಇಷ್ಟನ್ನು ಆಕೆಗೆ ಹೇಳಿ, ನಗರಸೇವಕರ ಹತ್ತಿರ ಹೋಗಿದ್ದೀರಾ ಎಂದೆ. ಅರ್ಜಿ ಕೊಟ್ಟಾಗಿದೆ, ಮೂರು ಮನೆಯ ತಾಯಂದಿರ ಸಹಿ ಇದೆ ಎಂದರು.

“ಒಂದು ಖೋಲಿ ಕೊಟ್ರ ಸಾಕು ಅಂತ ಬರ್ದೀವ್ರೀ. ಇವಗಂತೂ ತಡ ಆತು. ಈ ಓಣ್ಯಾಗ ಸಣ್ಣ ಹುಡುಗ್ರು ಅದಾವಲ್ರೀ, ಅವಕ್ಕರೆ ಆಗ್ಲಿ.”