ಸಸ್ಯಶಾಸ್ತ್ರ ಓದಿ ಅರಣ್ಯಶಾಸ್ತ್ರಕ್ಕೆ

ಶಿರಸಿ ಇಲ್ಲವೇ ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ತಪ್ಪಿದರೆ ಅರಣ್ಯಶಾಸ್ತ್ರದ ಆಸೆಯನ್ನೇ ಬಿಡಬೇಕೆಂಬುದು ಅನೇಕ ಪೋಷಕರ ತಿಳಿವಳಿಕೆ. ಪಿ.ಯು.ಸಿ. ಮುಗಿಸಿದ ಮಗಳು ಊರಿನ ಕಾಲೇಜಿನಲ್ಲೇ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ತೆಗೆದುಕೊಂಡರೆ, ‘ಮುಂದೆ ಟೀಚರ್ ಆಗುವುದು ಬಿಟ್ಟು ಬೇರೇನಿದೆ?’ ಎಂಬ ಮಾತು ಮನೆಯಲ್ಲಿ ಬರುವುದುಂಟು. ಆದರೆ ಮೂರು ವರ್ಷದ ಈ ಪದವಿಯ ನಂತರವೂ ಡೆಹ್ರಾಡೂನಿನಲ್ಲಿ ಒಂದು ಅವಕಾಶವಿದೆ.

ಅಲ್ಲಿನ ಅರಣ್ಯ ಸಂಶೋಧನಾ ಸಂಸ್ಥೆ ಆರಂಭವಾದದ್ದು 1906ರಲ್ಲಿ. 1991ರಲ್ಲಿ ಅದಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. ಅದರ ಎರಡು ವರ್ಷಗಳ ಎಂ.ಎಸ್ಸಿ. ಫಾರೆಸ್ಟ್ರಿಗೆ ಅರಣ್ಯ, ಕೃಷಿ ಪದವೀಧರರಷ್ಟೇ ಅಲ್ಲ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರದಂಥ ವಿಷಯಗಳಲ್ಲಿ ಒಂದನ್ನಾದರೂ ಓದಿದ ಸಾಮಾನ್ಯ ಬಿ.ಎಸ್ಸಿ. ಪದವೀಧರರೂ ಅರ್ಜಿ ಹಾಕಬಹುದು. ಅಂಕ, ಶುಲ್ಕ, ಆಯ್ಕೆ ವಿಧಾನಗಳನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳುವುದು ಕ್ಷೇಮ.

ಸೀಟು ಸಿಕ್ಕಿದ ಮೇಲೆ ಎದುರಾಗುವುದು ಬೇರೆಯೇ ಸವಾಲು. ಸಸ್ಯಶಾಸ್ತ್ರದ ವಿದ್ಯಾರ್ಥಿ ತೇಗದ ಎಲೆ, ಹೂವು, ಕುಟುಂಬವನ್ನು ಚೆನ್ನಾಗಿ ಬಲ್ಲ. ಅರಣ್ಯಶಾಸ್ತ್ರ ಕೇಳುವ ಪ್ರಶ್ನೆಯೇ ಇನ್ನೊಂದು: ಈ ನೆಡುತೋಪಿನಲ್ಲಿ ಎಷ್ಟು ಘನ ಮೀಟರ್ ನಾಟಾ ನಿಂತಿದೆ? ನೆಲದಿಂದ 1.37 ಮೀಟರ್ ಮೇಲೆ, ಅಂದರೆ ಎದೆಮಟ್ಟದಲ್ಲಿ, ಟೇಪು ಸುತ್ತಿ ಕಾಂಡದ ಸುತ್ತಳತೆ ತೆಗೆಯಬೇಕು, ಮರದ ಎತ್ತರ ಅಳೆಯಬೇಕು, ಆಮೇಲೆ ಲೆಕ್ಕ. ಎರಡೆರಡು ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 2,500 ಸಸಿ. ಅವೆಲ್ಲವೂ ದೊಡ್ಡ ಮರವಾಗುವಷ್ಟು ಬಿಸಿಲು, ಜಾಗ ಅಲ್ಲಿರುವುದಿಲ್ಲ. ಯಾವುದನ್ನು ಯಾವಾಗ ಕಡಿದು ತೆಗೆದರೆ ಉಳಿದವು ದಪ್ಪವಾಗುತ್ತವೆ ಎಂಬುದೂ ಇಲ್ಲಿನ ಪಾಠವೇ. ಮರದ ಮೇಲಿನ ಪ್ರೀತಿಯಿಂದ ಬಂದವರಿಗೆ ಈ ಕಡಿಯುವ ಪಾಠ ಮೊದಮೊದಲು ಕಹಿಯೆನಿಸಿದರೆ ಆಶ್ಚರ್ಯವಿಲ್ಲ. ಜೊತೆಗೆ ಅರಣ್ಯ ಕಾನೂನು, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ. ಗಣಿತದಿಂದ ತಪ್ಪಿಸಿಕೊಳ್ಳಲೆಂದೇ ಜೀವಶಾಸ್ತ್ರ ಹಿಡಿದವರು ಬಿ.ಎಸ್ಸಿ.ಯಲ್ಲಿದ್ದಾಗಲೇ ಒಂದಿಷ್ಟು ಸಂಖ್ಯಾಶಾಸ್ತ್ರ ಕಲಿತಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಉದ್ಯೋಗ. ಕರ್ನಾಟಕದಲ್ಲಿ ವಲಯ ಅರಣ್ಯಾಧಿಕಾರಿ ಹುದ್ದೆಗಳ ಒಂದು ಪಾಲು ಬಿ.ಎಸ್ಸಿ. ಫಾರೆಸ್ಟ್ರಿ ಪದವೀಧರರಿಗೇ ಮೀಸಲು. ಎಂ.ಎಸ್ಸಿ. ಮಾಡಿದ ಮಾತ್ರಕ್ಕೆ ಆ ಪಾಲು ತಮಗೂ ಸಿಗುತ್ತದೆಂದು ಲೆಕ್ಕ ಹಾಕಿಕೊಂಡು ಹೊರಡಬಾರದು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗಂತೂ ಎಂ.ಎಸ್ಸಿ. ಬೇಕಾಗಿಯೇ ಇಲ್ಲ. ಸಸ್ಯಶಾಸ್ತ್ರವೋ ಪ್ರಾಣಿಶಾಸ್ತ್ರವೋ ಇರುವ ಪದವಿ ಸಾಕು. ವಯಸ್ಸು 21 ಆಗಿರಬೇಕು. ಆದರೆ ಅಲ್ಲಿ ಎರಡು ಐಚ್ಛಿಕ ವಿಷಯಗಳಿರುತ್ತವೆ. ಸಸ್ಯಶಾಸ್ತ್ರದ ಜೊತೆ ಅರಣ್ಯಶಾಸ್ತ್ರ ಆರಿಸಿಕೊಳ್ಳುವವರಿಗೆ ಡೆಹ್ರಾಡೂನಿನ ಓದು ಕೈಹಿಡಿಯುತ್ತದೆ. ಓದಿನಷ್ಟೇ ಕಾಲೂ ಗಟ್ಟಿಯಿರಬೇಕು: ನಾಲ್ಕು ಗಂಟೆಯೊಳಗೆ ಪುರುಷರು 25 ಕಿ.ಮೀ., ಮಹಿಳೆಯರು 14 ಕಿ.ಮೀ. ನಡೆದು ತೋರಿಸಬೇಕೆಂಬ ನಿಯಮವಿದೆ.

ಅಧಿಕಾರಕ್ಕಿಂತ ಸಂಶೋಧನೆಯೇ ಇಷ್ಟವೆನ್ನುವವರು ಬೆಂಗಳೂರಿನ ಮಲ್ಲೇಶ್ವರದತ್ತಲೂ ನೋಡಬಹುದು. ಅಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಶ್ರೀಗಂಧದ ಸಂಶೋಧನೆಗೆ ಹೆಸರಾದದ್ದು. ಡೆಹ್ರಾಡೂನಿನ ಸಂಸ್ಥೆಯಂತೆ ಅದೂ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿಗೆ ಸೇರಿದೆ.